ಸಾಲಕ್ಕೆ ಅಡ್ಡಬಾರದ ವಯಸ್ಸು ಕೆಲಸಕ್ಕೆ ಅಡ್ಡಬಂತು: ‘ಜಾಬ್ ಗ್ಯಾರಂಟಿ’ ಆನ್‌ಲೈನ್ ಕೋರ್ಸಿಗೆ ದುಡ್ಡು ಕಟ್ಟುವ ಮುನ್ನ ಇದನ್ನು ಓದಿ

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ 17 ವರ್ಷಗಳಿಂದ ಲೆಕ್ಕಪತ್ರ ನೋಡಿಕೊಳ್ಳುತ್ತಿರುವ ನಾನು, ಅಂಕಿಅಂಶ ವಿಶ್ಲೇಷಿಸುವ ಡೇಟಾ ಅನಾಲಿಸ್ಟ್ ಆಗುತ್ತೇನೆಂದು ನಂಬಿ ಆನ್‌ಲೈನ್ ಕೋರ್ಸೊಂದಕ್ಕೆ 1,18,000 ರೂಪಾಯಿ ಒಪ್ಪಿಕೊಂಡು ಮೋಸಹೋದೆ. ಬರೆಯಲು ನಾಚಿಕೆಯಾಗುತ್ತದೆ. ಹತ್ತಾರು ವ್ಯಾಪಾರಿಗಳ ಜಿಎಸ್‌ಟಿ ರಿಟರ್ನ್ ತುಂಬಿಕೊಡುವವನು, ಬೇರೆಯವರ ಬಿಲ್ಲಿನಲ್ಲಿ ಹತ್ತು ರೂಪಾಯಿ ಹೆಚ್ಚುಕಡಿಮೆಯಾದರೂ ಹಿಡಿಯುವವನು, ತನ್ನ ಸಹಿ ಬೀಳುವ ಕಾಗದವನ್ನೇ ಓದಲಿಲ್ಲವೆಂದು ಒಪ್ಪಿಕೊಳ್ಳುವುದು ಸುಲಭವಲ್ಲ. ಆದರೆ ನನ್ನ ವಯಸ್ಸಿನ ಎಷ್ಟೋ ಜನ ರಾತ್ರಿ ಊಟವಾದ ಮೇಲೆ ಮೊಬೈಲ್ ಹಿಡಿದು ‘ಕೋರ್ಸು ಮುಗಿಸಿದರೆ ಕೆಲಸ ಗ್ಯಾರಂಟಿ’ ಎನ್ನುವ ಇಂಥದೇ ಜಾಹೀರಾತು ನೋಡುತ್ತ ಕುಳಿತಿರುತ್ತಾರೆ ಎಂಬುದು ನನಗೆ ಗೊತ್ತು.

ಕಳೆದ ವರ್ಷದ ಜೂನ್‌ನಲ್ಲಿ ಅಂಥದೊಂದು ಜಾಹೀರಾತಿನ ಕೆಳಗೆ ನನ್ನ ಫೋನ್ ನಂಬರ್ ಹಾಕಿದೆ, ಹತ್ತು ನಿಮಿಷದೊಳಗೆ ಕರೆ ಬಂತು. ಮಾತಾಡಿದಾಕೆ ತನ್ನನ್ನು ಕರಿಯರ್ ಕೌನ್ಸೆಲರ್ ಎಂದು ಪರಿಚಯಿಸಿಕೊಂಡರು; ಅದು ಮಾರಾಟದ ಕೆಲಸವೆಂದು ನನಗೆ ಹೊಳೆದದ್ದು ಬಹಳ ತಡವಾಗಿ. ನಾನು ಮೊದಲು ಕೇಳಿದ ಪ್ರಶ್ನೆಯೇ ವಯಸ್ಸಿನದು. “ಮೇಡಂ, ನನಗೀಗ 41, ಈ ವಯಸ್ಸಿನಲ್ಲಿ ಯಾರು ಕೆಲಸ ಕೊಡುತ್ತಾರೆ?” ಎಂದೆ. “ಸರ್, ಕಂಪನಿಗಳಿಗೆ ಬೇಕಾಗಿರೋದೇ ನಿಮ್ಮಂಥ ಅನುಭವ ಇರೋರು. ಫ್ರೆಷರ್ಸ್‌ಗಿಂತ ನಿಮಗೇ ಮೊದಲು ಆಫರ್ ಬರುತ್ತೆ” ಎಂದರು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮನೆಯವಳು ಪಕ್ಕದಲ್ಲೇ ಕುಳಿತು ಕೇಳಿಸಿಕೊಳ್ಳುತ್ತಿದ್ದಳು. “ಅಲ್ರೀ, ನೌಕರಿ ಕೊಡೋರು ನಮಗ ಪಗಾರ ಕೊಡಬೇಕು, ನಾವ್ಯಾಕ ಅವರಿಗೆ ಕಂತು ಕಟ್ಟಬೇಕು?” ಎಂದಳು. ನಿನಗೆ ಇದೆಲ್ಲ ತಿಳಿಯುವುದಿಲ್ಲ ಎಂದೆ. ಈಗ ಆ ಮಾತನ್ನು ಅವಳು ಎತ್ತುವುದಿಲ್ಲ, ಅದೇ ನನಗೆ ಹೆಚ್ಚು ಚುಚ್ಚುತ್ತದೆ.

ಶುಲ್ಕ ಒಂದು ಲಕ್ಷ, ಅದರ ಮೇಲೆ ಶೇ 18 ಜಿಎಸ್‌ಟಿ. ಬ್ಯಾಚಿನಲ್ಲಿ ಎರಡೇ ಸೀಟು ಉಳಿದಿವೆ ಎಂದು ಹೇಳಿ ಅದೇ ರಾತ್ರಿ 10,000 ರೂಪಾಯಿ ಹಾಕಿಸಿಕೊಂಡರು. ಎರಡು ಸೀಟಷ್ಟೇ ಉಳಿದಿದ್ದ ಆ ಬ್ಯಾಚಿನಲ್ಲಿ ಕಡೆಗೆ ನಾವು 400ಕ್ಕೂ ಹೆಚ್ಚು ಜನರಿದ್ದೆವು. ಉಳಿದ 1,08,000 ರೂಪಾಯಿಯನ್ನು 18 ತಿಂಗಳು, ತಿಂಗಳಿಗೆ 6,000ದಂತೆ ‘ನೋ ಕಾಸ್ಟ್ ಇಎಂಐ’ಯಲ್ಲಿ, ಅಂದರೆ ಬಡ್ಡಿಯಿಲ್ಲದ ಕಂತಿನಲ್ಲಿ, ಕಟ್ಟಿದರೆ ಸಾಕು ಎಂದರು. ಸಂಸ್ಥೆಗೇ ಕಂತಿನಲ್ಲಿ ಶುಲ್ಕ ಕೊಡುತ್ತೇನೆ, ತರಗತಿ ಸರಿಹೋಗದಿದ್ದರೆ ಮುಂದಿನ ಕಂತು ನಿಲ್ಲಿಸಬಹುದು ಎಂದೇ ನಾನು ತಿಳಿದುಕೊಂಡಿದ್ದೆ. ಮರುದಿನ ರಾತ್ರಿ ವಿಡಿಯೊ ಕರೆ ಮಾಡಿ ಪ್ಯಾನ್ ಕಾರ್ಡನ್ನು ಕ್ಯಾಮೆರಾದ ಮುಂದೆ ಹಿಡಿಯಲು ಹೇಳಿದರು. “ಇನ್ನೂ ಸ್ವಲ್ಪ ಹತ್ತಿರ ಸರ್, ಹುಟ್ಟಿದ ದಿನಾಂಕ ಮಸುಕಾಗಿದೆ” ಎಂದದ್ದು ಇಂದಿಗೂ ಕಿವಿಯಲ್ಲಿದೆ. ಆಮೇಲೆ ಒಂದರ ಹಿಂದೊಂದು ಮೂರು ಒಟಿಪಿ ಬಂದವು, ಮೂರನ್ನೂ ನಾನೇ ಕೈಯಾರೆ ಒತ್ತಿದೆ. ಕೊನೆಯ ಒಟಿಪಿ ಒತ್ತಿದ್ದು 9 ಗಂಟೆ 6 ನಿಮಿಷಕ್ಕೆ. ಸಾಲದ ಒಪ್ಪಂದದ 23 ಪುಟಗಳ ಪಿಡಿಎಫ್ ನನ್ನ ಮೇಲ್‌ಗೆ ಬಂದದ್ದು 9 ಗಂಟೆ 14 ನಿಮಿಷಕ್ಕೆ. ಹಣಕಾಸು ಕಂಪನಿಯೊಂದು ನನ್ನ ಹೆಸರಿನಲ್ಲಿ ಸಾಲ ಮಂಜೂರು ಮಾಡಿ, ದುಡ್ಡನ್ನೆಲ್ಲ ನೇರವಾಗಿ ಸಂಸ್ಥೆಗೆ ಕೊಟ್ಟು, ನನ್ನ ಬ್ಯಾಂಕ್ ಖಾತೆಯಿಂದ ಪ್ರತಿ ತಿಂಗಳ 5ನೇ ತಾರೀಖು ಕಂತು ಎಳೆದುಕೊಳ್ಳುವ ಅಧಿಕಾರ ಪಡೆದಿತ್ತು. ಸಂಸ್ಥೆಗೆ ಆ ವಾರವೇ ದುಡ್ಡು ಸೇರಿಹೋಗಿತ್ತು. ನಾನು ಕಲಿತರೇನು, ಬಿಟ್ಟರೇನು?

ತರಗತಿಯ ಬಗ್ಗೆ ಹೆಚ್ಚು ಬರೆಯುವಂಥದ್ದೇನೂ ಇಲ್ಲ. ಅರ್ಧಕ್ಕಿಂತ ಹೆಚ್ಚು ಹಳೆಯ ರೆಕಾರ್ಡಿಂಗ್‌ಗಳು, ನೇರ ಪಾಠಗಳಲ್ಲಿ ಹಿಂದಿಯೇ ಜಾಸ್ತಿ. ನಾನು ಭತ್ತದ ತೂಕದ ಚೀಟಿಗಳನ್ನು ಎಕ್ಸೆಲ್‌ಗೆ ಹಾಕಿ ವರ್ಷಗಳಿಂದ ಮಾಡುತ್ತಿದ್ದ ಪಿವಟ್ ಟೇಬಲ್ ಎಂಬ ಸಾರಾಂಶ ಪಟ್ಟಿಯನ್ನೇ ಮೂರನೆಯ ವಾರ ಹೊಸ ವಿದ್ಯೆಯಂತೆ ಹೇಳಿಕೊಟ್ಟರು. ‘ಇಂಡಸ್ಟ್ರಿ ಪ್ರಾಜೆಕ್ಟ್’ ಎಂದು ಕೊಟ್ಟದ್ದು ಟೈಟಾನಿಕ್ ಹಡಗಿನ 891 ಪ್ರಯಾಣಿಕರ ಪಟ್ಟಿ. ಯಾರು ಬದುಕುಳಿದರು, ಯಾರು ಸತ್ತರು ಎಂದು ಲೆಕ್ಕ ಹಾಕುವ ಈ ಅಭ್ಯಾಸ, ಡೇಟಾ ಕಲಿಯುವವರು ಬಳಸುವ ಕಾಗಲ್ (Kaggle) ಜಾಲತಾಣದಲ್ಲಿ ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತದೆ. ಇಷ್ಟಾದರೂ ನಾನು ಬಿಡಲಿಲ್ಲ. ಏಳು ತಿಂಗಳು, ಸುಗ್ಗಿಯ ಕಾಲದಲ್ಲಿ ಗಿರಣಿಯಿಂದ ರಾತ್ರಿ ಒಂಬತ್ತಕ್ಕೆ ಬಂದ ದಿನವೂ, ಒಂದು ಹಾಜರಿ ತಪ್ಪಿಸಲಿಲ್ಲ, ಒಂದು ಅಸೈನ್‌ಮೆಂಟ್ ಬಾಕಿ ಉಳಿಸಲಿಲ್ಲ.

ಕೋರ್ಸು ಮುಗಿದು ಪ್ಲೇಸ್‌ಮೆಂಟ್ ವಿಭಾಗಕ್ಕೆ ಅರ್ಜಿ ಹಾಕಿದ ಎರಡನೆಯ ದಿನ ಉತ್ತರ ಬಂತು. ಜಾಬ್ ಗ್ಯಾರಂಟಿ ಅನ್ವಯವಾಗುವುದು 35 ವರ್ಷದೊಳಗಿನ, ಪದವಿಯಲ್ಲಿ ಶೇ 60ಕ್ಕಿಂತ ಹೆಚ್ಚು ಅಂಕ ಪಡೆದವರಿಗೆ ಮಾತ್ರವಂತೆ. ಬಿ.ಕಾಂ.ನಲ್ಲಿ ನನಗೆ ಬಂದದ್ದು ಶೇ 54. ಮೊಬೈಲ್ ಹಿಡಿದು ಗಿರಣಿಯ ತೂಕದ ಕಟ್ಟೆಯ ಮೇಲೆ ಎಷ್ಟು ಹೊತ್ತು ಕುಳಿತೆನೋ ನೆನಪಿಲ್ಲ. ನನ್ನ ಹುಟ್ಟಿದ ದಿನಾಂಕ ಮಸುಕಾಗಿದೆಯೆಂದು ಕಾರ್ಡನ್ನು ಹತ್ತಿರ ಹಿಡಿಸಿ ಓದಿಕೊಂಡವರು ಇವರೇ ಅಲ್ಲವೇ? ಸಾಲಕ್ಕೆ ಸಾಕ್ಷಿಯಾದ ಅದೇ ದಿನಾಂಕ, ಏಳು ತಿಂಗಳ ನಂತರ ಕೆಲಸಕ್ಕೆ ಅನರ್ಹತೆಯಾಯಿತು. ಹತ್ತಿರ ಹಿಡಿಸಿ ಓದಿದ್ದರು. ಓದಿಯೇ ಸೇರಿಸಿಕೊಂಡಿದ್ದರು.

ನನ್ನ ಪತ್ರಗಳಿಗೆ ಅವರು ಕೊಟ್ಟ ಉತ್ತರಗಳ ಸಾರ ಹೀಗಿದೆ. ಮೊದಲನೆಯದರಲ್ಲಿ ನನ್ನ ಬೇಸರ ಅವರಿಗೆ ಅರ್ಥವಾಗಿದೆ ಎಂದಿತ್ತು. ಎರಡನೆಯದರಲ್ಲಿ, ಷರತ್ತುಗಳೆಲ್ಲ ಜಾಲತಾಣದಲ್ಲಿವೆ, ನೀವು ‘ಒಪ್ಪಿದ್ದೇನೆ’ ಎಂದು ಗುರುತು ಹಾಕಿದ್ದೀರಿ ಎಂದಿತ್ತು. ಶುಲ್ಕ ಹಿಂದಿರುಗಿಸಿ ಎಂದದ್ದಕ್ಕೆ, ಹಣ ಕಟ್ಟಿದ 7 ದಿನದೊಳಗೆ ಕೇಳಬೇಕಿತ್ತು ಎಂದರು. ಮೊದಲ ತರಗತಿ ನಡೆದದ್ದೇ ಹತ್ತನೆಯ ದಿನ. ಹಾಗಾದರೆ ಪಾಠ ಹೇಗಿದೆಯೆಂದು ನೋಡಿ ಹಿಂದೆ ಸರಿಯುವುದು ಹೇಗೆ ಎಂದು ಮೂರು ಸಲ ಕೇಳಿದ್ದೇನೆ, ಮೂರು ಸಲವೂ ಅದೇ ವಾಕ್ಯವನ್ನು ಅಂಟಿಸಿ ಕಳಿಸಿದ್ದಾರೆ. ಕೌನ್ಸೆಲರ್ ಹೇಳಿದ ಮಾತು ಸಂಸ್ಥೆಯ ಭರವಸೆಯಲ್ಲ, ಆಕೆ ಈಗ ನಮ್ಮಲ್ಲಿ ಕೆಲಸದಲ್ಲಿಲ್ಲ ಎಂಬುದು ಕೊನೆಯ ಉತ್ತರ. ವಾಟ್ಸ್‌ಆ್ಯಪ್ ತೆರೆದು ನೋಡಿದರೆ ಆಕೆ ನಮ್ಮ ಸಂದೇಶಗಳು ಏಳು ದಿನಕ್ಕೆ ತಾವಾಗಿಯೇ ಅಳಿಸಿಹೋಗುವಂತೆ ಇಟ್ಟಿದ್ದರು. ಉಳಿದದ್ದು ‘ಗುಡ್ ಮಾರ್ನಿಂಗ್ ಸರ್’ ಎಂಬ ಒಂದು ಸ್ಕ್ರೀನ್‌ಶಾಟ್, ಅದೂ ಮಗಳು ತಪ್ಪಿ ಒತ್ತಿದ್ದು.

ಸಿಟ್ಟಿನಲ್ಲಿ ಮಾರ್ಚ್ ತಿಂಗಳ ಕಂತಿಗೆ ಖಾತೆಯಲ್ಲಿ ದುಡ್ಡು ಇಡಲಿಲ್ಲ. ಅದು ನನ್ನ ತಪ್ಪು. ಬ್ಯಾಂಕಿನದು 590, ಸಾಲದ ಕಂಪನಿಯದು 590, ಎರಡು ಕಡೆಯೂ ದಂಡ ಬಿತ್ತು. ಸಂಸ್ಥೆಯ ಜೊತೆಗಿನ ನಿಮ್ಮ ತಕರಾರಿಗೂ ನಮ್ಮ ಸಾಲಕ್ಕೂ ಸಂಬಂಧವಿಲ್ಲ ಎಂದು ಕಂಪನಿಯವರು ಹೇಳಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಅರ್ಜಿಯಲ್ಲಿ ಪರಿಚಯದವರ ನಂಬರ್ ಎಂಬಲ್ಲಿ ನಾನು ಕೊಟ್ಟಿದ್ದು ಗಿರಣಿ ಸಾಹುಕಾರರದ್ದು. ವಸೂಲಿಯವನು ಅವರಿಗೇ ಫೋನ್ ಮಾಡಿ, ಇಂಥ ಕೋರ್ಸಿಗೆ ಇಂಥವರು ಸಾಲ ಮಾಡಿದ್ದಾರೆ ಎಂದೆಲ್ಲ ಹೇಳಿಬಿಟ್ಟ. “ಏನಪಾ, ಬೆಂಗಳೂರಿಗೆ ಹೊಂಟಿಯಂತ? ನನಗ ಹೇಳಿದ್ರ ನಾನೇ ಕಳಿಸಿಕೊಡ್ತಿದ್ದೆ” ಎಂದರು ಸಾಹುಕಾರರು. ಬೈದಿದ್ದರೆ ಚೆನ್ನಾಗಿತ್ತು. ಅಂದಿನಿಂದ ತಿಜೋರಿಯ ಬೀಗದ ಕೈ ಅವರ ತಮ್ಮನ ಬಳಿ ಇರುತ್ತದೆ.

ಆಮೇಲೆ ಓದಿ ತಿಳಿದ ಕೆಲವು ಸಂಗತಿಗಳು ಮೊದಲೇ ತಿಳಿದಿದ್ದರೆ ಎನಿಸುತ್ತದೆ. ರಿಸರ್ವ್ ಬ್ಯಾಂಕ್ 2022ರಲ್ಲೇ ಡಿಜಿಟಲ್ ಸಾಲಗಳಿಗೆ ನಿಯಮ ಮಾಡಿ, ಸಾಲ ಪಡೆದವನು ಆರಂಭದ ಕೆಲವು ದಿನಗಳೊಳಗೆ ಅಸಲು ಮತ್ತು ಅಷ್ಟು ದಿನದ ಬಡ್ಡಿ ಕಟ್ಟಿ, ದಂಡವಿಲ್ಲದೆ ಹೊರಬರುವ ಅವಕಾಶ ಕೊಟ್ಟಿದೆ. ನನ್ನ 23 ಪುಟಗಳಲ್ಲೂ ಆ ಸಾಲು ಇತ್ತು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಕೋಚಿಂಗ್ ಜಾಹೀರಾತುಗಳ ಬಗ್ಗೆ 2024ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯು ಉದ್ಯೋಗ ಖಾತರಿಯ ಸುಳ್ಳು ಭರವಸೆಯನ್ನು ನಿಷೇಧಿಸುತ್ತದೆ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ ಸಂಸ್ಥೆಯಿಂದ ಒಂದು ಕರೆ ಬಂತು. ಸೌಹಾರ್ದದ ದ್ಯೋತಕವಾಗಿ ಡಿಜಿಟಲ್ ಮಾರ್ಕೆಟಿಂಗ್ ಕೋರ್ಸನ್ನು ಉಚಿತವಾಗಿ ಕೊಡುತ್ತಾರಂತೆ! ಬೇಡವೆಂದು ಹೇಳಿ, ಕೊಪ್ಪಳದ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಿದ್ದೇನೆ. ಸಂಸ್ಥೆ ಎಲ್ಲಿಯದಾದರೂ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಆದರೆ ಎರಡು ವರ್ಷದೊಳಗೆ ಕೊಡಬೇಕು.

ನಿಮಗೆ ಹೇಳುವುದಿಷ್ಟೆ. ಕರಿಯರ್ ಬದಲಿಸಬೇಕೆಂದಿದ್ದರೆ ಮೊದಲು ‘ಸ್ವಯಂ’, ‘ಎನ್‌ಪಿಟಿಇಎಲ್’ ಎಂಬ ಸರ್ಕಾರಿ ಆನ್‌ಲೈನ್ ಕಲಿಕಾ ತಾಣಗಳಲ್ಲಿ ಪುಕ್ಕಟೆ ಇರುವ ಪಾಠವನ್ನು ಎರಡು ತಿಂಗಳು ಕಲಿತು ನೋಡಿ. ದತ್ತಾಂಶ ಸಂಗ್ರಹದಿಂದ ಬೇಕಾದ ಮಾಹಿತಿ ತೆಗೆಯುವ ಎಸ್‌ಕ್ಯೂಎಲ್ ಭಾಷೆಯನ್ನು ನಾನೀಗ ಕಲಿಯುತ್ತಿರುವುದು ಹಾಗೆಯೇ. ಕೆಲಸದ ಖಾತರಿ ಯಾವ ವಯಸ್ಸಿನವರಿಗೆ, ಎಷ್ಟು ಅಂಕದವರಿಗೆ ಎಂಬುದನ್ನು ಮೇಲ್‌ನಲ್ಲಿ ಬರೆಸಿಕೊಳ್ಳದೆ ಒಂದು ರೂಪಾಯಿಯನ್ನೂ ಹಾಕಬೇಡಿ. ಫೋನಿನಲ್ಲಿ ಯಾರಾದರೂ ಹುಟ್ಟಿದ ದಿನಾಂಕ ಕಾಣಿಸುತ್ತಿಲ್ಲ, ಕಾರ್ಡ್ ಹತ್ತಿರ ಹಿಡಿಯಿರಿ ಎಂದರೆ, ಅದು ಸಾಲದ ಅರ್ಜಿ ಎಂದು ತಿಳಿದು ಕರೆ ಕಡಿಯಿರಿ. ಸಾಹುಕಾರರ ನಂಬರನ್ನಂತೂ ಎಲ್ಲಿಯೂ ಕೊಡಬೇಡಿ.

ನನಗಿನ್ನೂ ಎಂಟು ಕಂತು ಬಾಕಿ ಇವೆ. ಕಟ್ಟುತ್ತಿದ್ದೇನೆ.