‘ಕ್ಲ್ಯಾನ್ ಏಪಿಸ್’: ಪದವಿ ತರಗತಿಗೆ ಬಂದ ಜೇನಿನ ಚಿತ್ರಕಥೆ

ಮೊಟ್ಟೆ, ಲಾರ್ವಾ, ಪ್ಯೂಪಾ, ಪ್ರೌಢ ಕೀಟ. ನಡುವೆ ಬಾಣದ ಗುರುತು ಹಾಕಿದರೆ ಪರೀಕ್ಷೆಯಲ್ಲಿ ಅಂಕ ಸಿಗುತ್ತದೆ. ಹದಿನೇಳು ವರ್ಷಗಳಿಂದ ಬಿ.ಎಸ್‌ಸಿ. ವಿದ್ಯಾರ್ಥಿಗಳಿಗೆ ರೂಪಾಂತರವನ್ನು ನಾನು ಹೀಗೆಯೇ ಕಲಿಸಿದ್ದೇನೆ. ಈ ವರ್ಷ ಪಾಠಕ್ಕೆ ಮೊದಲು ಜೇ ಹಾಸ್ಲರ್ ಅವರ ‘ಕ್ಲ್ಯಾನ್ ಏಪಿಸ್’ ಓದಿಸಿದೆ. ಹಾಸ್ಲರ್ ಅಮೆರಿಕದಲ್ಲಿ ಜೀವಶಾಸ್ತ್ರದ ಪ್ರಾಧ್ಯಾಪಕರು. ಕಥೆಯೂ ಚಿತ್ರವೂ ಅವರದೇ. ಪುಸ್ತಕರೂಪದಲ್ಲಿ ಬಂದದ್ದು 2000ದಲ್ಲಿ.

ನಾಯಕಿಯ ಹೆಸರು ನ್ಯೂಕಿ. ಸ್ವಾಹಿಲಿಯಲ್ಲಿ ಅದಕ್ಕೆ ಜೇನುನೊಣ ಎಂದೇ ಅರ್ಥ. ಲಾರ್ವಾ ಆಗಿರುವ ಅವಳಿಗೆ ಬದಲಾಗುವುದೆಂದರೆ ಭಯ. ಆ ಪುಟಗಳನ್ನು ಓದಿ ಬಂದ ಹುಡುಗಿಯೊಬ್ಬಳು, “ಮೇಡಂ, ಮುಚ್ಚಿದ ಕೋಣೆಯೊಳಗೆ ಅವಳ ಹಳೆಯ ಮೈ ಏನಾಗುತ್ತದೆ?” ಎಂದು ಕೇಳಿದಳು. ಇಷ್ಟು ವರ್ಷಗಳಲ್ಲಿ ಯಾರೂ ಕೇಳಿರದ ಪ್ರಶ್ನೆ! ಲಾರ್ವಾದ ಅಂಗಾಂಶಗಳು ಕರಗುವುದು, ಸುಮ್ಮನೆ ಕಾದಿದ್ದ ಪುಟ್ಟ ಜೀವಕೋಶದ ಗುಂಪುಗಳಿಂದ ರೆಕ್ಕೆ ಕಾಲು ಮೂಡುವುದು: ಇಡೀ ಒಂದು ಗಂಟೆ ಇದರಲ್ಲೇ ಕಳೆಯಿತು. ಯಾರೂ ಗಡಿಯಾರ ನೋಡಲಿಲ್ಲ.

ಹೂವು ಎಲ್ಲಿದೆ ಎಂದು ಗೂಡಿನವರಿಗೆ ತಿಳಿಸುವ ಜೇನಿನ ಕುಣಿತವನ್ನು ಕಾರಿಡಾರಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೆವು. ನೇರ ಮೇಲಕ್ಕೆ ಕುಣಿದರೆ ಹೂವು ಸೂರ್ಯನ ದಿಕ್ಕಿಗೆ. ಬಲಕ್ಕೆ 40 ಡಿಗ್ರಿ ವಾಲಿದರೆ ಸೂರ್ಯನಿಂದ ಬಲಕ್ಕೆ 40 ಡಿಗ್ರಿ. ಕುಣಿತ ಉದ್ದವಾದಷ್ಟೂ ಹೂವು ದೂರ. ಈ ಭಾಷೆಯನ್ನು ಬಿಡಿಸಿದ ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಬಂದ ಸಂಗತಿಯನ್ನು ಅಲ್ಲೇ ಹೇಳಿದೆ.

ಕಥೆಯ ನೊಣಗಳು ಮನುಷ್ಯರಂತೆ ಮಾತನಾಡುತ್ತವೆ, ಹೆದರುತ್ತವೆ. ಹಾಗಾಗಿ ಕಲ್ಪನೆ ಎನಿಸಿದ ಕಡೆ ಪೆನ್ಸಿಲಿನಿಂದ ಸುತ್ತು ಹಾಕಲು ಹೇಳಿದ್ದೆ. ನ್ಯೂಕಿಗೆ ಬುದ್ಧಿ ಹೇಳುವ ಅಕ್ಕನಿಗೂ ಕೆಲವರು ಸುತ್ತು ಹಾಕಿದ್ದರು. ಬುದ್ಧಿಮಾತು ಕಲ್ಪನೆ, ಒಪ್ಪುತ್ತೇನೆ. ಅಕ್ಕ ಎಂಬುದು ಮಾತ್ರ ಅಪ್ಪಟ ವಿಜ್ಞಾನ. ಒಂದು ಗೂಡಿನ ಕೆಲಸಗಾರ ನೊಣಗಳು ಸಾಮಾನ್ಯವಾಗಿ ಒಬ್ಬಳೇ ರಾಣಿಯ ಹೆಣ್ಣುಮಕ್ಕಳು. ರಾಣಿ ಹಲವು ಗಂಡುಗಳೊಡನೆ ಕೂಡುವುದರಿಂದ ತಂದೆಯರು ಮಾತ್ರ ಬೇರೆ ಬೇರೆ. ತಳಿಶಾಸ್ತ್ರದ ಪಾಠ ಅಲ್ಲಿಂದಲೇ ಶುರುವಾಯಿತು.

ನನ್ನ ದೊಡ್ಡ ಕೊರಗು ಬೇರೆ. ಪುಸ್ತಕದಲ್ಲಿರುವುದು ಯುರೋಪಿನ ಜೇನು ಎಂದು ಕರೆಯುವ ಏಪಿಸ್ ಮೆಲ್ಲಿಫೆರಾ ಮಾತ್ರ. ಪೊಟರೆಯ ತುಡುವೆ, ಕೊಂಬೆಗೆ ಒಂದೇ ದೊಡ್ಡ ಎರಿ ಕಟ್ಟಿ ಬಯಲಲ್ಲೇ ಬದುಕುವ ಹೆಜ್ಜೇನು, ಪೊದೆಯ ಕೋಲುಜೇನು, ಇವನ್ನು ಕಂಡು ಬೆಳೆದ ಮಲೆನಾಡಿನ ಮಕ್ಕಳಿಗೆ ತಮ್ಮ ಜೇನಿನ ಕಥೆ ಇದರಲ್ಲಿ ಸಿಗುವುದಿಲ್ಲ. ಅದನ್ನು ಕನ್ನಡದಲ್ಲಿ ಯಾರಾದರೂ ಬರೆದು ಚಿತ್ರಿಸಬೇಕು. ಪುಸ್ತಕ ಇಂಗ್ಲಿಷಿನಲ್ಲಿದ್ದರೂ ಸಂಭಾಷಣೆ ಸರಳ. ಕನ್ನಡ ಮಾಧ್ಯಮದಿಂದ ಬಂದವರೂ ಎರಡು ಸಂಜೆಗಳಲ್ಲಿ ಓದಿ ಮುಗಿಸಿದರು. ನನ್ನ ಪ್ರತಿ ಕಪ್ಪು ಬಿಳುಪಿನದು, ಅದರಿಂದ ತೊಂದರೆಯೇನೂ ಆಗಲಿಲ್ಲ.

ಕೊನೆಯಲ್ಲಿ ನ್ಯೂಕಿ ಸಾಯುತ್ತಾಳೆ. ಇದನ್ನು ಮೊದಲೇ ಹೇಳಬೇಡಿ ಎಂದು ಓದಿದವರು ಓದದವರ ಪರವಾಗಿ ನನ್ನನ್ನು ಬೇಡಿಕೊಂಡಿದ್ದರು. ಶಿಕ್ಷಕರಿಗೆಂದು ಬರೆಯುತ್ತಿರುವುದರಿಂದ ಇಲ್ಲಿ ಹೇಳಿದ್ದೇನೆ. ಕೈಯಿಂದ ಕೈಗೆ ಹೋಗಿ ಪುಸ್ತಕದ ಬೆನ್ನು ಬಿಚ್ಚಿದೆ. ಇನ್ನೆರಡು ಪ್ರತಿ ತರಿಸಿಕೊಡಿ ಎಂದು ಗ್ರಂಥಾಲಯಕ್ಕೆ ಪತ್ರ ಕೊಟ್ಟಿದ್ದೇನೆ.