ಕನ್ನಡಕ್ಕೊಂದು ಅಳತೆ, ಮಲೆಯಾಳಕ್ಕೊಂದು ಅಳತೆ: ಫೈರ್‌ಫಾಕ್ಸ್ ಬಳಸಿದ ಅನುಭವ

ಫೈರ್‌ಫಾಕ್ಸ್ ಎಂಬ ಬ್ರೌಸರ್, ಅಂದರೆ ಜಾಲತಾಣಗಳನ್ನು ತೆರೆದು ಓದುವ ತಂತ್ರಾಂಶ, ಹೊಸದಲ್ಲ, ಅದರ 1.0 ಆವೃತ್ತಿ ಬಂದದ್ದು 2004ರ ನವೆಂಬರಿನಲ್ಲಿ. ನನಗೆ ಮಾತ್ರ ಅದು ಹೊಸದು. ಕಳೆದ ಮಳೆಗಾಲದಿಂದ ಮನೆಯ ಕಂಪ್ಯೂಟರಿನ ಬಹುಪಾಲು ಓದು ಅದರಲ್ಲೇ ಸಾಗಿದೆ. ವೇಗ, ಸುರಕ್ಷತೆ, ಜಾಹೀರಾತು ತಡೆಯುವ ವಿಸ್ತರಣೆಗಳ ಕುರಿತು ಬರೆದವರು ಬೇಕಾದಷ್ಟು ಮಂದಿ ಇರುವುದರಿಂದ, ನಾನು ಒಂದೇ ಸೌಲಭ್ಯದ ವಿಚಾರವನ್ನು ಹೇಳುತ್ತೇನೆ: ಇದರಲ್ಲಿ ಪ್ರತಿಯೊಂದು ಲಿಪಿಗೂ ಬೇರೆ ಬೇರೆ ಅಕ್ಷರರೂಪವನ್ನೂ (ಫಾಂಟ್) ಗಾತ್ರವನ್ನೂ ನಾವೇ ಗೊತ್ತುಪಡಿಸಬಹುದು.

ಕಾಸರಗೋಡಿನ ಕನ್ನಡಿಗರಿಗೆ ಇದು ಸಣ್ಣ ಸಂಗತಿಯಲ್ಲ. ನೀರ್ಚಾಲು, ಬದಿಯಡ್ಕ ಕಡೆಯ ನಮ್ಮಂಥ ಮನೆಗಳಲ್ಲಿ ಬೆಳಗ್ಗೆ ಓದುವ ಪತ್ರಿಕೆ ಕನ್ನಡದ್ದು, ಪಂಚಾಯತಿನ ಪ್ರಕಟಣೆ ಮಲೆಯಾಳದ್ದು, ಅರ್ಜಿ ತುಂಬುವ ಪುಟ ಇಂಗ್ಲಿಷಿನದು. ಮೂರಕ್ಕೂ ಒಂದೇ ಗಾತ್ರವಿಟ್ಟರೆ ಹೆಚ್ಚು ನಷ್ಟವಾಗುವುದು ಕನ್ನಡಕ್ಕೆ. ಇಂಗ್ಲಿಷ್ ಸಲೀಸಾಗಿ ಓದಲು ಬರುವ ಅಳತೆಯಲ್ಲಿ ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಚುಕ್ಕಿಗಳಂತಾಗುತ್ತವೆ. ‘ರಾಷ್ಟ್ರ’, ‘ವೈಶಿಷ್ಟ್ಯ’ ಮೊದಲಾದ ಪದಗಳಲ್ಲಿ ಎರಡು ಒತ್ತುಗಳು ಸೇರಿದಾಗ ನನ್ನ ಕಣ್ಣು ಅಕ್ಷರವನ್ನು ಓದುವ ಬದಲು ಊಹಿಸತೊಡಗುತ್ತದೆ. ದೊಡ್ಡ ಪರದೆ ಕೊಳ್ಳಲು ಈ ವರ್ಷ ಅಡಿಕೆಯ ಹಣದಲ್ಲಿ ಎಡೆಯಿರಲಿಲ್ಲ.

ಸೆಟ್ಟಿಂಗ್ಸ್‌ನಲ್ಲಿ ಫಾಂಟುಗಳ ವಿಭಾಗಕ್ಕೆ ಹೋಗಿ ‘ಅಡ್ವಾನ್ಸ್ಡ್’ ಎಂಬುದನ್ನು ಒತ್ತಿದರೆ ಭಾಷೆಗಳ ಪಟ್ಟಿಯೊಂದು ತೆರೆದುಕೊಳ್ಳುತ್ತದೆ. ಅಲ್ಲಿ ಕನ್ನಡವನ್ನು ಆರಿಸಿ, ವಿಂಡೋಸ್ ಜತೆಗೇ ಬರುವ ನಿರ್ಮಲಾ ಯುಐ ಎಂಬ ಫಾಂಟಿನ ಬದಲಿಗೆ ಉಚಿತವಾಗಿ ಸಿಗುವ ನೋಟೋ ಸೆರಿಫ್ ಕನ್ನಡ ಎಂಬ ಫಾಂಟನ್ನು ಇಟ್ಟು, ಗಾತ್ರವನ್ನು 20ಕ್ಕೆ ಏರಿಸಿ, ಕನಿಷ್ಠ ಗಾತ್ರ 18 ಎಂದು ಗೊತ್ತುಪಡಿಸಿದೆ. ಮಲೆಯಾಳಕ್ಕೆ 18 ಸಾಕಾಯಿತು. ಇಂಗ್ಲಿಷನ್ನು ಇದ್ದ ಹಾಗೆಯೇ, 16ರಲ್ಲಿ, ಬಿಟ್ಟೆ. ಕನಿಷ್ಠ ಗಾತ್ರದ ಗುಣವೆಂದರೆ, ಪುಟ ಮಾಡಿದವರು 12 ಎಂದು ಬರೆದಿದ್ದರೂ ಅಕ್ಷರ ನಮ್ಮ ಗೆರೆಯಿಂದ ಕೆಳಗೆ ಇಳಿಯುವುದಿಲ್ಲ.

ಈಗ ಬೆಳಗಿನ ಚಹಾದ ಹೊತ್ತಿನ ಓದಿಗೆ ಒಂದು ಕ್ರಮ ಬಂದಿದೆ. ಮೊದಲು ಪತ್ರಿಕೆ, ಆಮೇಲೆ ಅಡಿಕೆಯ ಧಾರಣೆ, ಅನಂತರ ಮಲೆಯಾಳದ ಪ್ರಕಟಣೆಗಳು. ರಾತ್ರಿ ಊಟವಾದ ಮೇಲೆ ದೀರ್ಘ ಲೇಖನವೊಂದನ್ನು ತೆರೆದು ಎಫ್9 ಕೀಲಿಯನ್ನು ಒತ್ತುತ್ತೇನೆ. ಪಕ್ಕದ ಪಟ್ಟಿಗಳೂ ಜಾಹೀರಾತುಗಳೂ ಮರೆಯಾಗಿ, ಬರಹವೊಂದೇ ಉಳಿಯುತ್ತದೆ. ಸಾಲುಗಳ ನಡುವಿನ ಅಂತರವನ್ನು ಒಂದು ಹಂತ ಹೆಚ್ಚಿಸಿ, ಹಿನ್ನೆಲೆಯನ್ನು ಹಳೆಯ ಕಾಗದದ ಬಣ್ಣಕ್ಕೆ ತಂದಾಗ ಮೇಲಿನ ಸಾಲಿನ ಒತ್ತಿಗೂ ಕೆಳಗಿನ ಸಾಲಿನ ಗುಡಿಸಿಗೂ ಜಗಳವಿರುವುದಿಲ್ಲ. ಹಳೆಗನ್ನಡದ ಪದ್ಯಗಳನ್ನು ಪರದೆಯಲ್ಲಿ ಓದುವ ಆಸೆಯನ್ನು ಬಹುತೇಕ ಬಿಟ್ಟೇ ಬಿಟ್ಟಿದ್ದೆ. ಅದು ಮರಳಿ ಬಂದಿದೆ, ಮತ್ತು ಅದಕ್ಕಾಗಿ ನಾನು ಈ ತಂತ್ರಾಂಶಕ್ಕೆ ಋಣಿ.

ಆದರೆ ಕೆಲವು ವಾರಗಳಲ್ಲೇ ಒಂದು ವಿಷಯ ಮನಸ್ಸಿಗೆ ಕಹಿಯಾಯಿತು. ನಾನು ದಿನವೂ ನೋಡುವ ಕನ್ನಡದ ಕೆಲವು ತಾಣಗಳಲ್ಲಿ ಅಕ್ಷರದ ರೂಪ ಬದಲಾದರೂ ಗಾತ್ರ ಮೊದಲಿನಂತೆಯೇ ಉಳಿಯಿತು. ಪುಟದ ಮೂಲವನ್ನು ತೆರೆದು ನೋಡಿದಾಗ ಕಾರಣ ತಿಳಿಯಿತು. ಪ್ರತಿಯೊಂದು ಪುಟದ ಆರಂಭದಲ್ಲಿ ಅದು ಯಾವ ಭಾಷೆಯದೆಂದು ಹೇಳುವ ಗುರುತೊಂದಿರಬೇಕು. ಗಾತ್ರದ ಆಯ್ಕೆ ನಡೆಯುವುದು ಆ ಗುರುತನ್ನು ನೋಡಿ. ಮೊದಲಿನಿಂದ ಕೊನೆಯವರೆಗೆ ಕನ್ನಡವೇ ತುಂಬಿದ ಪುಟಗಳು ತಾವು ಇಂಗ್ಲಿಷ್ ಎಂದು ಬರೆದುಕೊಂಡಿದ್ದವು. ಕನ್ನಡ ಎಂದು ತಿಳಿಸಲು ‘ಕೆಎನ್’ (kn) ಎಂಬ ಎರಡು ಇಂಗ್ಲಿಷ್ ಅಕ್ಷರ ಸಾಕು. ಕನ್ನಡದಲ್ಲಿ ಸುದ್ದಿ ಕೊಡುವವರು, ಕನ್ನಡಕ್ಕಾಗಿ ದುಡಿಯುವವರು ಇಷ್ಟನ್ನು ಗಮನಿಸದೆ ಹೋಗುವುದು ನನಗೆ ನಿಜವಾಗಿಯೂ ನೋವಿನ ಸಂಗತಿ. ಗಡಿಯ ಈಚೆ ಒಂದೊಂದು ಕನ್ನಡ ಫಲಕಕ್ಕಾಗಿ, ಒಂದೊಂದು ಕನ್ನಡ ಅರ್ಜಿ ನಮೂನೆಗಾಗಿ ಮನವಿ ಬರೆದು ಅಭ್ಯಾಸವಾದ ನಮಗೆ ಆ ಗುರುತಿನ ಬೆಲೆ ಗೊತ್ತು.

ಅಂಥ ಪುಟಗಳಿಗೆ ಸದ್ಯದ ದಾರಿಯೆಂದರೆ, ಝೂಮ್ ಆಯ್ಕೆಯಲ್ಲಿ ‘ಪಠ್ಯ ಮಾತ್ರ’ ಎಂಬುದನ್ನು ಗುರುತಿಸಿ ಕಂಟ್ರೋಲ್ ಮತ್ತು ಪ್ಲಸ್ ಒತ್ತುವುದು. ಚಿತ್ರಗಳು ಉಬ್ಬುವುದಿಲ್ಲ, ಪುಟ ಅಡ್ಡಕ್ಕೆ ಹರಿದುಹೋಗುವುದೂ ಕಡಿಮೆ, ಮತ್ತು ಒಮ್ಮೆ ಇಟ್ಟ ಅಳತೆಯನ್ನು ಆ ತಾಣಕ್ಕೆಂದೇ ಫೈರ್‌ಫಾಕ್ಸ್ ನೆನಪಿಟ್ಟುಕೊಳ್ಳುತ್ತದೆ. ಎರಡು ತಾಣಗಳವರಿಗೆ ಭಾಷೆಯ ಗುರುತು ಸರಿಪಡಿಸುವಂತೆ ಪತ್ರ ಬರೆದಿದ್ದೇನೆ, ಉಳಿದವರಿಗೂ ಬರೆಯಲಿದ್ದೇನೆ.