ಹನ್ನೆರಡೂವರೆ ಅಡಿ ಗೋಡೆಯಲ್ಲಿ ಐದು ಸಾವಿರ ವರ್ಷ: ಒಂದು ಚರಿತ್ರೆ ಚಾರ್ಟ್ ತರಿಸಿದ ಕಥೆ

ಕಳೆದ ಜೂನ್‌ನಲ್ಲಿ ಒಂದು ಗೋಡೆ ಚಾರ್ಟ್ ತರಿಸಿದೆ. ಆರಂಭದ ನಾಗರಿಕತೆಗಳಿಂದ ಮಧ್ಯಯುಗದವರೆಗಿನ ಪ್ರಪಂಚದ ಚರಿತ್ರೆ, ಪೂರ್ತಿ ಕನ್ನಡದಲ್ಲಿ. ಬೆಲೆ 850 ರೂಪಾಯಿ, ಕೊರಿಯರ್ ಖರ್ಚು ಬೇರೆ. ಕಂಪನಿಯ ಹೆಸರು ಈಗ ಹಾಕುವುದಿಲ್ಲ. ತಪ್ಪುಗಳ ಪಟ್ಟಿ ಕಳಿಸಿದ್ದೆ, ಮುಂದಿನ ಮುದ್ರಣದಲ್ಲಿ ತಿದ್ದುತ್ತೇವೆ ಅಂತ ಮರ್ಯಾದೆಯಿಂದ ಉತ್ತರ ಬರೆದಿದ್ದಾರೆ. ತಿದ್ದಲಿ, ಆಮೇಲೆ ಹೆಸರು ಹೇಳೋಣ.

ನಾನು 29 ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವಳು. ಚಾರ್ಟ್ ತರಿಸಿದ್ದು ಮೊಮ್ಮಗಳಿಗೋಸ್ಕರ. ಎಂಟನೇ ಕ್ಲಾಸಿನವಳು. ಒಂದು ಸಂಜೆ ಹೋಂವರ್ಕ್ ಮಾಡುತ್ತಾ ಕೇಳಿದಳು: "ಅಜ್ಜಿ, ಈಜಿಪ್ಟ್ ಮುಗಿದ ಮೇಲೆ ಮೆಸೊಪೊಟೇಮಿಯ ಶುರುವಾಯ್ತಾ?" ಮಗುವಿನ ತಪ್ಪಲ್ಲ. ಪುಸ್ತಕದಲ್ಲಿ ಒಂದು ಮುಗಿದ ಮೇಲೆ ಇನ್ನೊಂದು ಬರುತ್ತದೆ, ಪರೀಕ್ಷೆಯೂ ಹಾಗೇ ನಡೆಯುತ್ತದೆ. ಇಷ್ಟು ವರ್ಷ ನನ್ನ ಕ್ಲಾಸಿನ ಮಕ್ಕಳೂ ಹಾಗೇ ತಿಳಿದುಕೊಂಡು ಹೋಗಿರಬೇಕು ಅಂತ ಆವತ್ತು ರಾತ್ರಿ ನಿದ್ದೆ ಬರಲಿಲ್ಲ.

ಚಾರ್ಟ್ ಬಂದಿದ್ದು ರಟ್ಟಿನ ಕೊಳವೆಯಲ್ಲಿ. ಒಂದು ತುದಿ ಜಜ್ಜಿತ್ತು, ಒಳಗಿನ ಹಾಳೆಗೆ ಏನೂ ಆಗಿರಲಿಲ್ಲ. ಹೊರಗೆ ತೀರ್ಥಹಳ್ಳಿಯ ಮಳೆ. ನಡುಮನೆಯಿಂದ ಅಡುಗೆಮನೆಗೆ ಹೋಗುವ ಗೋಡೆಗೆ ಅವರೇ ಕೊಟ್ಟಿದ್ದ ಎರಡು ಮುಖದ ಟೇಪ್ ಹಚ್ಚಿ ಅಂಟಿಸಿದೆವು. ರಾತ್ರಿ ಎರಡು ಗಂಟೆಗೆ ದೊಪ್ಪಂತ ಬಿತ್ತು. ನಮ್ಮನೆಯವರು ಎದ್ದು ಬಂದು ಟಾರ್ಚ್ ಬಿಟ್ಟು ನೋಡಿ, "ರೋಮ್ ಸಾಮ್ರಾಜ್ಯ ಬಿದ್ದೋಯ್ತು ಕಣೇ" ಅಂದರು. ಮಾರನೇ ದಿನ ಮೇಲೊಂದು ಕೆಳಗೊಂದು ಮರದ ಪಟ್ಟಿ ಕೊಟ್ಟು ಮೊಳೆ ಹೊಡೆದೆವು. ಮಲೆನಾಡಿನವರು ಟೇಪನ್ನು ನಂಬಬೇಡಿ. ಇನ್ನೊಂದು ಮಾತು, ಮೇಲಿನ ಲ್ಯಾಮಿನೇಷನ್ ಸಿಕ್ಕಾಪಟ್ಟೆ ಹೊಳೆಯುತ್ತದೆ. ಟ್ಯೂಬ್‌ಲೈಟ್ ಹಾಕಿದರೆ ಗುಪ್ತರ ಕಾಲ ಕಾಣುವುದೇ ಇಲ್ಲ.

ಈಗ ಅಳತೆ ಹೇಳುತ್ತೇನೆ, ಯಾಕೆಂದರೆ ಇದರ ಜಾಣತನ ಇರುವುದೇ ಅಲ್ಲಿ. ಉದ್ದ ಹನ್ನೆರಡೂವರೆ ಅಡಿ. ಎಡಗಡೆ ಕ್ರಿ.ಪೂ. 3500, ಬಲಗಡೆ ಕ್ರಿ.ಶ. 1500. ಒಂದು ಅಡಿಗೆ 400 ವರ್ಷ. ಅಂದರೆ ಒಂದು ಇಂಚಿಗೆ ಹತ್ತಿರ ಹತ್ತಿರ 33 ವರ್ಷ, ಒಂದು ತಲೆಮಾರು. ನನ್ನ ಇಡೀ ಬದುಕು ಈ ಗೋಡೆಯ ಮೇಲೆ ಎರಡು ಇಂಚಿಗೂ ಸಾಲುವುದಿಲ್ಲ. ಮೇಲಿನಿಂದ ಕೆಳಕ್ಕೆ ಬಣ್ಣಬಣ್ಣದ ಪಟ್ಟಿಗಳು: ಮೆಸೊಪೊಟೇಮಿಯ, ಈಜಿಪ್ಟ್, ಭಾರತ, ಚೀನಾ, ಗ್ರೀಸ್ ಮತ್ತು ರೋಮ್, ಉಳಿದವು. ಎಲ್ಲ ಪಟ್ಟಿಗೂ ಅಳತೆ ಒಂದೇ. ತುಂಬಾ ಚಾರ್ಟ್‌ಗಳಲ್ಲಿ ಹಳೇ ಕಾಲವನ್ನು ಹಿಂಡಿ, ಹೊಸ ಕಾಲವನ್ನು ಹಿಗ್ಗಿಸಿರುತ್ತಾರೆ. ಇವರು ಹಾಗೆ ಮಾಡಿಲ್ಲ. ಕ್ರಿಸ್ತ ಹುಟ್ಟುವ ಹೊತ್ತಿಗೆ ಗೋಡೆಯ ಮುಕ್ಕಾಲು ಪಾಲಿನ ಹತ್ತಿರ ಮುಗಿದೇ ಹೋಗಿರುತ್ತದೆ.

ಇದು ಏನು ಮಾಡುತ್ತದೆ ಗೊತ್ತಾ? ಖುಫುವಿನ ದೊಡ್ಡ ಪಿರಮಿಡ್ ಸುಮಾರು ಕ್ರಿ.ಪೂ. 2560ರದ್ದು. ಚಿನ್ನದ ಮುಖವಾಡದ ತುತಾಂಖಾಮನ್ ಸತ್ತಿದ್ದು ಸುಮಾರು 1323ರಲ್ಲಿ. ಮಕ್ಕಳ ತಲೆಯಲ್ಲಿ ಇಬ್ಬರೂ ಅಕ್ಕಪಕ್ಕದ ಮನೆಯವರು. ಗೋಡೆಯ ಮೇಲೆ ಇಬ್ಬರ ನಡುವೆ ಮೂರು ಅಡಿ. ನಮಗೂ ಪಂಪನಿಗೂ ಇರುವ ದೂರಕ್ಕಿಂತ ಅದು ಜಾಸ್ತಿ. ಮೊಮ್ಮಗಳು ಎರಡೂ ಕೈ ಚಾಚಿ ಅಳೆದು ನೋಡಿದಳು. ಈ ವಿಷಯವನ್ನು ಕರಿಹಲಗೆ ಮೇಲೆ ನಾನು ಎಷ್ಟು ಸಲ ಬರೆದಿದ್ದೆನೋ, ಒಬ್ಬರಿಗೂ ಹೀಗೆ ನಾಟಿರಲಿಲ್ಲ.

ಅಡ್ಡಕ್ಕೆ ನೋಡುವುದು ಒಂದು ಬಗೆ. ಮೇಲಿಂದ ಕೆಳಕ್ಕೆ ನೋಡುವುದು ಇನ್ನೊಂದು, ನನಗೆ ಅದೇ ಹೆಚ್ಚು ಇಷ್ಟವಾಯಿತು. ಅಶೋಕನ ಹೆಸರಿನ ಮೇಲೆ ಬೆರಳಿಟ್ಟು ಹಾಗೇ ಕೆಳಗೆ ಬನ್ನಿ. ಕ್ರಿ.ಪೂ. 268ರಿಂದ 232. ಅದೇ ಹೊತ್ತಿಗೆ ರೋಮ್ ಮತ್ತು ಉತ್ತರ ಆಫ್ರಿಕಾದ ಕಾರ್ಥೇಜ್ ನಗರದ ನಡುವೆ ಮೊದಲನೇ ಪ್ಯೂನಿಕ್ ಯುದ್ಧ. ಅಶೋಕ ತೀರಿಕೊಂಡು ಹನ್ನೊಂದು ವರ್ಷಕ್ಕೆ, 221ರಲ್ಲಿ, ಚಿನ್ ರಾಜ ಇಡೀ ಚೀನಾವನ್ನು ಒಂದು ಮಾಡುತ್ತಾನೆ. ಎಲ್ಲವೂ ಒಂದೂವರೆ ಇಂಚಿನೊಳಗೆ. ಸುಮ್ನೆ ಕಾಕತಾಳೀಯ ಅನ್ನಬೇಡಿ, ಇವರಲ್ಲಿ ಕೆಲವರಿಗೆ ಒಬ್ಬರ ಸುದ್ದಿ ಒಬ್ಬರಿಗೆ ಗೊತ್ತಿತ್ತು. ಅಶೋಕನ 13ನೇ ಬಂಡೆ ಶಾಸನದಲ್ಲಿ ಅಂತಿಯೋಕ, ತುರಮಾಯ ಅಂತ ಹೆಸರು ಬರುತ್ತದೆ. ಸಿರಿಯಾದ ಆಂಟಿಯೋಕಸ್, ಈಜಿಪ್ಟಿನ ಟಾಲೆಮಿ. ಈಜಿಪ್ಟನ್ನು ಆಗ ಆಳುತ್ತಿದ್ದವರು ಗ್ರೀಕ್ ಮನೆತನದವರು ಅನ್ನುವುದು ಈ ಒಂದು ಸಾಲಿನಿಂದಲೇ ಮಗುವಿಗೆ ತಿಳಿಯಿತು. ಚಾರ್ಟಿನಲ್ಲಿ ಮಸ್ಕಿಯ ಹೆಸರನ್ನೂ ಹಾಕಿದ್ದಾರೆ. ರಾಯಚೂರು ಜಿಲ್ಲೆಯ ಆ ಬಂಡೆಯಲ್ಲಿ 1915ರಲ್ಲಿ 'ಅಶೋಕ' ಎಂಬ ಹೆಸರೇ ಸಿಕ್ಕಿತು. ಅಲ್ಲಿಯವರೆಗೆ ಗೊತ್ತಿದ್ದ ಶಾಸನಗಳಲ್ಲಿ ಇದ್ದದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಅನ್ನುವ ಬಿರುದು ಮಾತ್ರ. ಇದಕ್ಕೆ ಪೂರ್ತಿ ಅಂಕ.

ಬರವಣಿಗೆ ಹುಟ್ಟಿದ ಕಥೆಯ ಚೌಕವೂ ಚೆನ್ನಾಗಿದೆ. ಉರುಕ್ ಊರಿನ ಜೇಡಿಮಣ್ಣಿನ ಹಲಗೆ, ಕ್ರಿ.ಪೂ. 3200ರ ಆಸುಪಾಸು. ಅದರಲ್ಲಿ ಕಾವ್ಯ ಇಲ್ಲ, ದೇವರ ಸ್ತೋತ್ರ ಇಲ್ಲ. ಬಾರ್ಲಿ ಎಷ್ಟು, ಕುರಿ ಎಷ್ಟು, ಕೂಲಿಯವರಿಗೆ ಬಿಯರ್ ಎಷ್ಟು, ಇಷ್ಟೇ. ನಮ್ಮನೆಯವರು ಸೊಸೈಟಿಯಲ್ಲಿ ಲೆಕ್ಕ ಬರೆದು ನಿವೃತ್ತರಾದವರು. "ನೋಡಿದ್ಯಾ, ಅಕ್ಷರ ಕಂಡುಹಿಡಿದವರು ನಮ್ಮ ಗುಮಾಸ್ತರು" ಅಂತ ಆವತ್ತಿಡೀ ಬೀಗಿದರು.

ಆದರೆ ನನಗೆ ಅತ್ಯಂತ ಹಿಡಿಸಿದ ಚಿತ್ರ ಕಂಚಿನ ಯುಗದ ಒಂದು ಹಡಗಿನದು. ಸುಮಾರು ಕ್ರಿ.ಪೂ. 1300ರಲ್ಲಿ ಈಗಿನ ಟರ್ಕಿಯ ಉಲುಬುರುನ್ ಎಂಬಲ್ಲಿ ಮುಳುಗಿತು. ಒಳಗೆ ಹತ್ತು ಟನ್ ತಾಮ್ರ, ಒಂದು ಟನ್ ತವರ. ಹತ್ತಕ್ಕೆ ಒಂದು, ಕಂಚಿನ ಪಾಕದ ಅಳತೆಯೇ ಅದು! ಸಮುದ್ರದ ತಳದಲ್ಲಿ ಅಡುಗೆ ಸಾಮಾನು ಅಳೆದಿಟ್ಟ ಹಾಗೆ ಬಿದ್ದಿತ್ತು. ತಾಮ್ರ ಹಲವು ಕಡೆ ಸಿಗುತ್ತದೆ, ತವರ ಸಿಗುವುದಿಲ್ಲ, ದೂರದಿಂದ ಬರಬೇಕು. ಹಾಗಾಗಿ ಒಂದು ಕತ್ತಿ ಆಗಬೇಕಾದರೂ ನಾಲ್ಕು ದೇಶದ ವ್ಯಾಪಾರ ನೆಟ್ಟಗೆ ನಡೆಯಬೇಕು. ಹಡಗು ಮುಳುಗಿ ಮೂರ್ನಾಲ್ಕು ತಲೆಮಾರಿಗೆ, ಕ್ರಿ.ಪೂ. 1200ರ ಸುತ್ತ, ಆ ಕಡೆಯ ಬಲೆಯೇ ಹರಿಯಿತು. ಈಗಿನ ಟರ್ಕಿಯಲ್ಲಿ ಆಳುತ್ತಿದ್ದ ಹಿಟ್ಟೈಟರ ರಾಜಧಾನಿ ಹತ್ತುಸಾ ಪಾಳುಬಿತ್ತು, ಸಿರಿಯಾ ಕರಾವಳಿಯ ಉಗರಿಟ್ ಬಂದರು ನಾಶವಾಯಿತು, ಗ್ರೀಸಿನ ಅರಮನೆಗಳು ಸುಟ್ಟವು. ಅಲ್ಲಿ ಜನ ಬರೆಯುವುದನ್ನೇ ಮರೆತರು. ಈಜಿಪ್ಟ್ ಹೇಗೋ ಉಳಿಯಿತು, ಸೊರಗಿತು. ಈ ಕಾಲಕ್ಕೆ ಬಂದಾಗ ಗ್ರೀಸಿನ ಪಟ್ಟಿಯಲ್ಲಿ ಒಂದು ಅಡಿಯಷ್ಟು ಬರೀ ಬಿಳಿ ಬಿಟ್ಟಿದ್ದಾರೆ. ಏನೂ ಬರೆಯದೆ ಬಿಟ್ಟ ಆ ಜಾಗ ಎಷ್ಟೋ ಹೇಳುತ್ತದೆ. ಇದನ್ನು ಮಾಡಿದವರು ಯಾರೋ ವಿಷಯ ಬಲ್ಲವರು.

ಬ್ಯಾಬಿಲೋನಿನ ರಾಜ ಹಮ್ಮುರಾಬಿಯ ಚೌಕ ಬರೆದವರು ಮಾತ್ರ ಬೇರೆ ಯಾರೋ ಇರಬೇಕು. 'ಪ್ರಪಂಚದ ಮೊಟ್ಟಮೊದಲ ಕಾನೂನು' ಅಂತ ದಪ್ಪಕ್ಷರದಲ್ಲಿ ಹಾಕಿದ್ದಾರೆ. ತಪ್ಪು. ಉರ್ ನಗರದ ಉರ್-ನಮ್ಮು ಹೆಸರಿನ ಕಾನೂನು ಅದಕ್ಕಿಂತ ಸುಮಾರು ಮುನ್ನೂರು ವರ್ಷ ಹಳೆಯದು, ಗೋಡೆಯ ಮೇಲೆ ಮುಕ್ಕಾಲು ಅಡಿ ಎಡಕ್ಕೆ. 'ಕಣ್ಣಿಗೆ ಕಣ್ಣು' ಅಂತಷ್ಟೇ ಬರೆದು ನಿಲ್ಲಿಸಿದ್ದಾರೆ, ಅದೂ ಅರ್ಧ ಸತ್ಯ. ಕಣ್ಣಿಗೆ ಕಣ್ಣು ಮೇಲಿನವರ ನಡುವೆ ಮಾತ್ರ. ಸಾಮಾನ್ಯನ ಕಣ್ಣು ಕಿತ್ತರೆ ಒಂದಷ್ಟು ಬೆಳ್ಳಿ ಕಟ್ಟಿದರೆ ಮುಗಿಯಿತು. ಮಕ್ಕಳಿಗೆ ಹೇಳಬೇಕಾದ್ದು ಇದೇ ಅಲ್ವಾ?

ದೊಡ್ಡ ತಕರಾರು ಬಣ್ಣಗಳದ್ದು. ರೋಮಿನ ಕೆಂಪು ಪಟ್ಟಿ 476ಕ್ಕೆ ಕತ್ತರಿ ಹಾಕಿದ ಹಾಗೆ ನಿಲ್ಲುತ್ತದೆ. ಪಕ್ಕದಲ್ಲೇ ನೇರಳೆ ಬಣ್ಣದಲ್ಲಿ 'ಬೈಜಾಂಟಿಯಂ' ಹೊಸದಾಗಿ ಹುಟ್ಟುತ್ತದೆ. ಅದು ರೋಮಿನದೇ ಪೂರ್ವದ ಅರ್ಧ, ರಾಜಧಾನಿ ಕಾನ್‌ಸ್ಟಾಂಟಿನೋಪಲ್. ಕಾನ್‌ಸ್ಟಾಂಟಿನೋಪಲ್ಲಿನ ಜನ 1453ರಲ್ಲಿ ಊರು ಕಳೆದುಕೊಳ್ಳುವವರೆಗೂ ತಮ್ಮನ್ನು ರೋಮನ್ನರು ಅಂತಲೇ ಕರೆದುಕೊಂಡರು. ಅವರ ಬಣ್ಣ ಬದಲಾಯಿಸಲು ಇವರು ಯಾರು? ಪಟ್ಟಿಗಳ ನಡುವೆ ಗೆರೆಗಳೂ ಇಲ್ಲ. ಉರ್‌ನ ರಾಜರ ಗೋರಿಗಳಲ್ಲಿ ಸಿಂಧೂ ಕಡೆಯ ಕೆಂಪು ಹರಳಿನ ಮಣಿಗಳು ಸಿಕ್ಕಿವೆ. ಮೆಸೊಪೊಟೇಮಿಯದ ಅಕ್ಕಾಡಿನ ರಾಜ ಸಾರ್ಗಾನ್, ಮೆಲುಹ್ಹದ ಹಡಗುಗಳು ನನ್ನ ಕಟ್ಟೆಗೆ ಬಂದು ನಿಲ್ಲುತ್ತವೆ ಅಂತ ಜಂಬ ಕೊಚ್ಚಿಕೊಂಡಿದ್ದಾನೆ. ಮೆಲುಹ್ಹ ಅಂದರೆ ಸಿಂಧೂ ಬಯಲಿನ ಕಡೆ ಅಂತ ಬಹಳ ವಿದ್ವಾಂಸರ ಮತ. ಚಾರ್ಟಿನಲ್ಲಿ ಮೆಸೊಪೊಟೇಮಿಯ, ಭಾರತ ಈ ಎರಡು ಪಟ್ಟಿ ಮುಖ ಕೊಟ್ಟು ಮಾತಾಡದ ಓರಗಿತ್ತಿಯರ ಹಾಗೆ ಇವೆ. ಮೊಮ್ಮಗಳು ಗುಂಡುಪಿನ್ನು ಚುಚ್ಚಿ ಹೂ ಕಟ್ಟುವ ದಾರದಲ್ಲಿ ಎರಡನ್ನೂ ಜೋಡಿಸಿದಳು.

ಮಧ್ಯಯುಗಕ್ಕೆ ಬಂದರೆ ಯೂರೋಪಿನ 500ರಿಂದ 1000ದ ಭಾಗಕ್ಕೆ ಬೂದು ಬಳಿದು 'ಕತ್ತಲೆಯ ಯುಗ' ಅಂತ ಬರೆದಿದ್ದಾರೆ. ಆ ಬೂದು ಪಕ್ಕದ ಪಟ್ಟಿಗಳಿಗೂ ಸ್ವಲ್ಪ ಸೋರಿದೆ. ಅಚ್ಚಿನ ದೋಷವೋ ಮನಸ್ಸಿನದೋ ತಿಳಿಯಲಿಲ್ಲ. ಅದೇ ಹೊತ್ತಿಗೆ ಬಾಗ್ದಾದ್ ಕಟ್ಟಿ (762), ಅಲ್-ಖ್ವಾರಿಜ್ಮಿ ಬೀಜಗಣಿತ ಬರೆದು, ಚೀನಾದಲ್ಲಿ 868ರಲ್ಲೇ ಪುಸ್ತಕ ಅಚ್ಚಾಗಿತ್ತು. ಇನ್ನು ನಮ್ಮವರು? ಭಾರತದ ಪಟ್ಟಿಯಲ್ಲಿ ಏಳನೇ ಶತಮಾನಕ್ಕೆ ಹರ್ಷವರ್ಧನ ಒಬ್ಬನೇ. ಅವನನ್ನು ತಡೆದು ನಿಲ್ಲಿಸಿದ ಇಮ್ಮಡಿ ಪುಲಕೇಶಿ ಇಲ್ಲ. ಕನ್ನಡ ಚಾರ್ಟಿನಲ್ಲಿ! 622ರಲ್ಲಿ ಹಿಜರಿ, 628ರಲ್ಲಿ ಬ್ರಹ್ಮಗುಪ್ತ ಸೊನ್ನೆಗೆ ಬರೆದ ನಿಯಮ, 634ರಲ್ಲಿ ಹರ್ಷನ ಹರ್ಷ ಇಳಿದುಹೋಯಿತು ಅಂತ ಐಹೊಳೆಯಲ್ಲಿ ರವಿಕೀರ್ತಿ ಕೆತ್ತಿಸಿದ ಶಾಸನ. ಇದೆಲ್ಲ ಗೋಡೆಯ ಮೇಲೆ ಕಿರುಬೆರಳಿನ ಉಗುರಿನಷ್ಟು ಜಾಗ. ಎಷ್ಟು ಚೆಂದ ಕೂರುತ್ತಿತ್ತು. ರಾಷ್ಟ್ರಕೂಟರೂ ಇಲ್ಲ. ಅಮೋಘವರ್ಷನ ಕಾಲದಲ್ಲಿ, 851ರ ಒಂದು ಅರಬ್ಬಿ ವರದಿ ಲೋಕದ ನಾಲ್ಕು ದೊಡ್ಡ ರಾಜರನ್ನು ಎಣಿಸುತ್ತದೆ: ಬಾಗ್ದಾದಿನ ಖಲೀಫ, ಚೀನಾದ ಚಕ್ರವರ್ತಿ, ರೋಮಿನ ದೊರೆ, ಆಮೇಲೆ ಬಲ್ಹರಾ. ಬಲ್ಹರಾ ಅಂದರೆ ನಮ್ಮ ವಲ್ಲಭರಾಜ, ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟದವನು. ಹೊರಗಿನವರು ಲೆಕ್ಕಕ್ಕೆ ಹಿಡಿದಿದ್ದಾರೆ, ನಮ್ಮವರೇ ಬಿಟ್ಟಿದ್ದಾರೆ. ಈ ಎರಡು ಹೆಸರನ್ನು ನಾನೇ ಮಾರ್ಕರ್ ಪೆನ್ನಿನಲ್ಲಿ ಬರೆದೆ. ಲ್ಯಾಮಿನೇಷನ್ ಮೇಲೆ ನಿಲ್ಲುವುದಿಲ್ಲ, ತಿಂಗಳಿಗೊಮ್ಮೆ ಮತ್ತೆ ಬರೆಯುತ್ತೇನೆ.

ಇನ್ನೊಂದು ತಪ್ಪು ಕಂಡುಹಿಡಿದದ್ದು ಮೊಮ್ಮಗಳು. ಕ್ರಿ.ಪೂ. ಮತ್ತು ಕ್ರಿ.ಶ. ಕೂಡುವ ಜಾಗದಲ್ಲಿ ದೊಡ್ಡದಾಗಿ '0' ಅಂತ ಅಚ್ಚಾಗಿದೆ. ಸೊನ್ನೆ ಎಂಬ ವರ್ಷವೇ ಇಲ್ಲ. ಕ್ರಿ.ಪೂ. 1 ಆದ ಮೇಲೆ ನೇರ ಕ್ರಿ.ಶ. 1. ಈ ಎಣಿಕೆ ಶುರುಮಾಡಿದ ಡಯೋನಿಸಿಯಸ್ ಎಂಬ ಪಾದ್ರಿ 525ರಲ್ಲಿ ರೋಮಿನಲ್ಲಿ ಕೂತು ಲೆಕ್ಕ ಹಾಕಿದವನು, ರೋಮನ್ ಅಂಕಿಗಳಲ್ಲಿ ಸೊನ್ನೆ ಇರಲಿಲ್ಲ. ಬ್ರಹ್ಮಗುಪ್ತನ 628 ಆ 525ರಿಂದ ಬರೀ ಮೂರು ಇಂಚು ಬಲಕ್ಕೆ.

ಆಫ್ರಿಕಾ, ಅಮೆರಿಕ ಎರಡನ್ನೂ ಕೆಳಗೆ ಲಂಗದ ಅಂಚಿನ ಹಾಗೆ ತೆಳ್ಳಗೆ ಹೊಲಿದಿದ್ದಾರೆ. ಮಾಯಾ ಜನರಿಗೆ ಒಂದು ಸಾಲು, ಮಾಲಿಯ ಮಾನ್ಸಾ ಮೂಸಾನಿಗೆ (1324ರ ಮೆಕ್ಕಾ ಯಾತ್ರೆ) ಒಂದು ಸಾಲು. ಕೊನೆಯ ಎರಡು ಅಡಿಯಲ್ಲಿ ಅಕ್ಷರ ಎಷ್ಟು ಸಣ್ಣದೆಂದರೆ ನನಗೆ ಕನ್ನಡಕದ ಮೇಲೆ ಭೂತಗನ್ನಡಿ ಬೇಕು. ಊಳಿಗಮಾನ್ಯ ಪದ್ಧತಿಯ ಚೌಕ ಅದೇ ಹಳೇ ಪಿರಮಿಡ್ ಚಿತ್ರ, ಮೇಲೆ ರಾಜ ಕೆಳಗೆ ರೈತ. ಆದರೆ ಪ್ಲೇಗಿನ ಚೌಕ ಒಳ್ಳೆಯದು. 1347ರಿಂದ 1351ರೊಳಗೆ ಯೂರೋಪಿನಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆಯಿಲ್ಲದಷ್ಟು ಜನ ಸತ್ತರು, ಉಳಿದ ಆಳುಗಳು ಹೆಚ್ಚು ಕೂಲಿ ಕೇಳಿದರು, 1351ರಲ್ಲಿ ಇಂಗ್ಲೆಂಡ್ ಕೂಲಿ ಏರಿಸಬಾರದು ಅಂತ ಕಾನೂನು ತಂದಿತು. ಅಡಿಕೆ ಕೊಯ್ಲಿಗೆ ಆಳು ಹುಡುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಉದ್ದದ ಗೋಡೆ ಇದ್ದು, ತಪ್ಪು ತೋರಿಸಲು ಮನೆಯಲ್ಲಿ ಒಬ್ಬರು ಇದ್ದರೆ ತರಿಸಿ. ಬರೀ ಗೋಡೆಗೆ ಹಾಕಿ ಮಗುವನ್ನು ಮುಂದೆ ನಿಲ್ಲಿಸಿ ಹೋಗುವವರಿಗೆ ಬೇಡ. ಮಳೆಗಾಲ ಮುಗಿದ ಮೇಲೆ ತರಿಸಿದರೆ ಇನ್ನೂ ಒಳ್ಳೆಯದು.

1500ರ ನಂತರದ ಎರಡನೇ ಭಾಗ ಬರುತ್ತದಂತೆ. ನಮ್ಮ ಚಾರ್ಟ್ ಸರಿಯಾಗಿ ಅಡುಗೆಮನೆ ಬಾಗಿಲಿಗೆ ಬಂದು ಮುಗಿದಿದೆ, ಮುಂದಿನದನ್ನು ಒಳಗೇ ಹಾಕಬೇಕು. ಒಗ್ಗರಣೆ ಹೊಗೆಗೆ ಹಾಳಾಗುತ್ತದೆ ಅಂತ ನಮ್ಮನೆಯವರು ತಕರಾರು ತೆಗೆದರು. ಮೊಮ್ಮಗಳು ಬಿಡಲಿಲ್ಲ. "ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ ಎಲ್ಲ ಅದರಲ್ಲೇ ತಾನೇ ಬರೋದು, ಅಜ್ಜ?"